ವಿಚಾರಣಾಧೀನ ಸೆರೆಗೆ ಕಡ್ಡಾಯ ಕಾಲಮಿತಿ ಬೇಕೇ?

ಪ್ರಶ್ನೆ: ತೀರ್ಪು ಬರುವ ಮೊದಲೇ ವರ್ಷಗಟ್ಟಲೆ ಜೈಲಿನಲ್ಲಿರುವವರನ್ನು, ಆರೋಪ ಯಾವುದೇ ಇರಲಿ, ನಿಗದಿತ ಅವಧಿ ಮುಗಿದ ಕೂಡಲೇ ಬಿಡಬೇಕೆಂಬ ಕಾನೂನು ಬರಬೇಕೇ?

ಪರ: ತಾರೀಖು ಬಂದರೆ ಬಾಗಿಲು ತೆಗೆಯಲಿ
(ಜಿಲ್ಲಾ ನ್ಯಾಯಾಲಯವೊಂದರ ವಕೀಲೆ)

ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ತಪ್ಪಿತಸ್ಥರೆಂದು ಯಾವ ಕೋರ್ಟೂ ಇನ್ನೂ ಹೇಳಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರ ಕೊನೆಗೆ ಎಣಿಸಿದಾಗ ದೇಶದಲ್ಲಿ ಒಳಗಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಐದು ವರ್ಷ ದಾಟಿದವರೇ 11 ಸಾವಿರಕ್ಕೂ ಹೆಚ್ಚು. ಶಿಕ್ಷೆ ಮೊದಲು, ತೀರ್ಪು ಆಮೇಲೆ. ನಾವು ನಡೆಸುತ್ತಿರುವುದು ಇದನ್ನೇ.

ಗೊತ್ತಿಲ್ಲದೆ ನಡೆಸುತ್ತಿರುವುದೂ ಅಲ್ಲ. ಕೆ.ಎಫ್. ರುಸ್ತುಂಜಿ, ಸ್ವತಃ ಹಿರಿಯ ಪೊಲೀಸ್ ಅಧಿಕಾರಿ, ಬಿಹಾರದ ಜೈಲುಗಳಲ್ಲಿ ಕಂಡದ್ದನ್ನು ಪತ್ರಿಕೆಯಲ್ಲಿ ಬರೆದರು. ಅದನ್ನು ಹಿಡಿದುಕೊಂಡು ವಕೀಲೆ ಪುಷ್ಪಾ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಹೋದರು. 1979ರ ಹುಸೈನಾರಾ ಖಾತೂನ್ ಪ್ರಕರಣ ಅದು. ಆರೋಪ ಸಾಬೀತಾಗಿದ್ದರೂ ಆಗುತ್ತಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಒಳಗೆ ಕಳೆದವರು ಆಗ ಬೆಳಕಿಗೆ ಬಂದರು. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯೊಳಗೇ ಇದೆ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಹೇಳಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಭಾರತ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನೂ ಒಪ್ಪಿತು. ಅದರ 9ನೇ ವಿಧಿ ಹೇಳುವುದು ಇಷ್ಟೇ: ಸಮಂಜಸ ಅವಧಿಯೊಳಗೆ ವಿಚಾರಣೆ ನಡೆಸಿ, ಆಗದಿದ್ದರೆ ಬಿಡಿ. ಒಪ್ಪುವಾಗಲೇ ಆ ವಿಧಿಗೊಂದು ಷರಾ ಬರೆದು ಕೊಟ್ಟೆವು, ಅನ್ಯಾಯವಾಗಿ ಒಳಗಿಟ್ಟರೂ ಪರಿಹಾರವನ್ನು ಹಕ್ಕಾಗಿ ಕೇಳುವಂತಿಲ್ಲ ಎಂದು. ಆಗಿನಿಂದಲೂ ನಮ್ಮ ಬುದ್ಧಿ ಅದೇ.

ಸುಪ್ರೀಂ ಕೋರ್ಟ್ ಒಮ್ಮೆ ಗಡಿಯಾರ ಹಿಡಿಯಲು ನೋಡಿತು. ಇಷ್ಟು ವರ್ಷ ಎಳೆದ ಕೇಸುಗಳಲ್ಲಿ ಜಾಮೀನು ಕೊಡಿ, ಇನ್ನೂ ಎಳೆದರೆ ಕೇಸನ್ನೇ ಮುಗಿಸಿ ಎಂದು 1996ರಲ್ಲಿ ಆದೇಶವಾಯಿತು. 2002ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಪಿ. ರಾಮಚಂದ್ರ ರಾವ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ವಿಚಾರಣೆ ಇಷ್ಟೇ ದಿನದಲ್ಲಿ ಮುಗಿಯಬೇಕೆಂದು ಗೆರೆ ಎಳೆಯುವುದು ಕೋರ್ಟಿನ ಕೆಲಸವಲ್ಲ ಎಂದಿತು. ಸರಿ, ಸಂಸತ್ತು ಎಳೆಯಲಿ.

ಸಂಸತ್ತು ಎಳೆದದ್ದು ಹೇಗಿದೆ ನೋಡಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು, ಉಳಿದವರನ್ನು ಅರ್ಧ ಕಳೆದ ಮೇಲೆ. ಅರ್ಜಿ ಹಾಕುವುದು ಜೈಲು ಸೂಪರಿಂಟೆಂಡೆಂಟರ ಹೊಣೆ. ಒಳ್ಳೆಯದೇ. ಆದರೆ ಮರಣದಂಡನೆ ಅಥವಾ ಜೀವಾವಧಿ ಆಗಬಹುದಾದ ಆರೋಪಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಕೇಸಿದ್ದವರಿಗೂ ಇಲ್ಲ. ಠಾಣೆಗಳ ಪದ್ಧತಿ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಬ್ಬ ಬೈಕ್ ಕಳ್ಳ ಸಿಕ್ಕರೆ ಆ ವರ್ಷ ಪತ್ತೆಯಾಗದ ಬೈಕುಗಳೆಲ್ಲ ಅವನ ತಲೆಗೇ. ಒಂದರಲ್ಲಿ ಜಾಮೀನು ಸಿಗುವಷ್ಟರಲ್ಲಿ ಇನ್ನೊಂದರಲ್ಲಿ ಬಾಡಿ ವಾರಂಟ್, ಅಂದರೆ ಜೈಲಿನಿಂದಲೇ ಇನ್ನೊಂದು ಕೇಸಿಗೆ ಎಳೆದೊಯ್ಯುವ ಆದೇಶ.

ಕಾನೂನು ಸೇವಾ ಪ್ರಾಧಿಕಾರದಿಂದ ನನ್ನ ಪಾಲಿಗೆ ಬಂದ ಒಬ್ಬ ಹುಡುಗನ ವಿಷಯ ಹೇಳಬೇಕು. ಒಡಿಶಾದವನು, ಸೆಂಟ್ರಿಂಗ್ ಕೆಲಸ. ಕಟ್ಟಡದ ಸೈಟಿನಿಂದ ತಾಮ್ರದ ವೈರು ಕದ್ದನೆಂಬ ಆರೋಪ. ಹಳೆಯ ಐಪಿಸಿ 379, ಹೆಚ್ಚೆಂದರೆ ಮೂರು ವರ್ಷ. ಜಾಮೀನು ಬೇಗ ಸಿಕ್ಕಿತು, ಸ್ಥಳೀಯ ಶ್ಯೂರಿಟಿ (ಜಾಮೀನುದಾರ) ಒಬ್ಬರು ಬೇಕೆಂಬ ಷರತ್ತಿನೊಂದಿಗೆ. ಅವನಿಗಾಗಿ ಪಹಣಿ ಹಿಡಿದುಕೊಂಡು ಬಂದು ನಿಲ್ಲುವವರು ಇಲ್ಲಿ ಯಾರು? ಮೇಸ್ತ್ರಿ ಫೋನ್ ತೆಗೆಯುವುದನ್ನು ನಿಲ್ಲಿಸಿದ. ಊರಲ್ಲಿ ಅಮ್ಮನಿಗೆ ಇದ್ದದ್ದು ರೇಷನ್ ಕಾರ್ಡು. ಕೋರ್ಟಿನ ಗೇಟಿನ ಹೊರಗೆ ಬಾಡಿಗೆ ಶ್ಯೂರಿಟಿಗಳು ಸಿಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅವರ ರೇಟು ಕೊಡಲೂ ಅವನಲ್ಲಿ ಇರಲಿಲ್ಲ, ಇದ್ದಿದ್ದರೂ ನಾನು ಆ ದಾರಿ ತೋರಿಸುತ್ತಿರಲಿಲ್ಲ.

ಷರತ್ತು ಸಡಿಲಿಸಿ ಎಂದು ಅರ್ಜಿ ಹಾಕಿದೆ. ಒಂದು ವಾಯಿದೆಗೆ ಸಾಹೇಬರು ರಜೆ, ಇನ್ನೊಂದಕ್ಕೆ ಸರ್ಕಾರಿ ವಕೀಲರ ತಕರಾರು ಬಂದಿಲ್ಲ, ಮತ್ತೊಂದಕ್ಕೆ ಬೆಂಗಾವಲಿಲ್ಲದೆ ಹುಡುಗನನ್ನೇ ಕರೆತರಲಿಲ್ಲ. ವರ್ಷ ದಾಟಿತು. ಒಂದು ದಿನ ವಿಡಿಯೋ ಕಾನ್ಫರೆನ್ಸಿನಲ್ಲಿ ಕಂಡವನೇ, ಹೊಸದಾಗಿ ಕಲಿತ ಕನ್ನಡದಲ್ಲಿ, "ಮೇಡಂ, ನಾನು ಕದ್ದೆ ಅಂತ ಒಪ್ಪಿಕೊಳ್ತೀನಿ" ಎಂದ. ಒಪ್ಪಿಕೊಂಡರೆ ಒಳಗಿದ್ದ ದಿನಗಳೆಲ್ಲ ಶಿಕ್ಷೆಯಲ್ಲಿ ಸೆಟ್‌ಆಫ್ (ವಜಾ) ಆಗಿ ಮನೆಗೆ ಹೋಗಬಹುದೆಂದು ಬ್ಯಾರಕಿನಲ್ಲಿ ಹಳಬರು ಕಲಿಸಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಬೇಡವೆಂದೆ. "ಅಮ್ಮ ಸಾಯೋದ್ರೊಳಗೆ ಹೋಗಬೇಕು" ಎಂದ. ಒಪ್ಪಿಕೊಂಡ, ಹೋದ. ವೈರು ಕದ್ದದ್ದು ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸರ್ಕಾರದ ಪಟ್ಟಿಯಲ್ಲಿ ಅವನು ಶಿಕ್ಷೆಯಾದ ಅಪರಾಧಿ.

1978ರಲ್ಲಿ ಮೋತಿ ರಾಮ್ ಎಂಬ ಗಾರೆ ಕೆಲಸದವರ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ಅವರ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಮ್ಯಾಜಿಸ್ಟ್ರೇಟರು ಶ್ಯೂರಿಟಿ ತಿರಸ್ಕರಿಸಿದ್ದರು. ಕನ್ನಡಿಗನೋ ಮಲಯಾಳಿಯೋ ದೂರದ ಪೋರ್ಟ್ ಬ್ಲೇರ್‌ನಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಕೇಳಿದರು. ಈಗ ಆ ಪ್ರಶ್ನೆಯನ್ನು ತಿರುಗಿಸಿ ನಮಗೇ ಕೇಳಿಕೊಳ್ಳಬೇಕು. ಒಂದು ತಿಂಗಳಲ್ಲಿ ಶ್ಯೂರಿಟಿ ಸಿಗದಿದ್ದರೆ ಕೋರ್ಟೇ ಷರತ್ತು ಸಡಿಲಿಸುವುದನ್ನು ಪರಿಗಣಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿದೆ. ಬಡ ಕೈದಿಗಳ ಜಾಮೀನಿಗೆ ಹಣ ಕೊಡುವ ಕೇಂದ್ರದ ಯೋಜನೆಯೂ ಇದೆ. ಇವೆಲ್ಲ ಯಾರಾದರೂ ನೆನಪಿಸಿದರೆ ಸಿಗುವ ಸೌಲಭ್ಯಗಳು. ನೆನಪಿಸುವವರೇ ಇಲ್ಲದವರಿಗಾಗಿಯೇ ನಾನು ಕೇಳುತ್ತಿರುವುದು ತಾರೀಖು.

ದೊಡ್ಡ ಆರೋಪಗಳಿಗೂ ಅದೇ ತಾರೀಖು ಬೇಕು. ಮುಂಬೈ ದಾಳಿಯ ನಂತರ 2008ರಲ್ಲಿ ಭಯೋತ್ಪಾದನೆ ತಡೆಯ ಕಾನೂನಾದ ಯುಎಪಿಎಗೆ ಸೇರಿಸಿದ 43ಡಿ(5) ಕಲಂ ಜಾಮೀನಿನ ಬಾಗಿಲನ್ನೇ ಮುಚ್ಚಿತು: ಪೊಲೀಸರ ಕಾಗದಗಳಲ್ಲಿ ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಸಾಕು, ಜಾಮೀನಿಲ್ಲ. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟನ್ನು ವರ್ಷಗಳ ಕಾಲ ನಡೆಸಿದ್ದ, ಇದೇ ಕಾನೂನಿನಡಿ ಒಳಗಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ, ಕೈ ನಡುಗುವ ಪಾರ್ಕಿನ್ಸನ್ ರೋಗಿ, ನೀರು ಕುಡಿಯಲು ಸಿಪ್ಪರ್ ಕೇಳಿಕೊಂಡು ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು ತೀರಿಕೊಂಡಾಗ ಅವರಿಗೆ 84, ವಿಚಾರಣೆ ಶುರುವೇ ಆಗಿರಲಿಲ್ಲ. ಕೇರಳದ ರಾಜಕಾರಣಿ ಅಬ್ದುಲ್ ನಾಸರ್ ಮದನಿ ಕೊಯಮತ್ತೂರು ಸ್ಫೋಟದ ಪ್ರಕರಣದಲ್ಲಿ 1998ರಿಂದ 2007ರವರೆಗೆ ಒಳಗಿದ್ದು ಖುಲಾಸೆಯಾದರು. ಮತ್ತೆ 2010ರಲ್ಲಿ ಬೆಂಗಳೂರು ಸ್ಫೋಟದ ಪ್ರಕರಣ, ಪರಪ್ಪನ ಅಗ್ರಹಾರ, 2014ರಲ್ಲಿ ಜಾಮೀನು. ಮೊದಲ ಒಂಬತ್ತು ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ? 2021ರ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಐದು ವರ್ಷ ಕಳೆದು ಇನ್ನೂ 276 ಸಾಕ್ಷಿಗಳು ಬಾಕಿಯಿದ್ದರೆ ಯುಎಪಿಎಯ ಗೋಡೆಯೂ ಕರಗಬೇಕು ಎಂದು. ಕರಗಿಸುವುದು ಬಿಡುವುದು ಪೀಠಕ್ಕೊಂದು ರೀತಿ. ಅದೇ ನನ್ನ ತಕರಾರು.

ಹೊರಗೆ ಬಂದವನು ಸಾಕ್ಷಿಗಳನ್ನು ಹೆದರಿಸುತ್ತಾನೆ ಎನ್ನುತ್ತಾರೆ. ಹಾಗಾದರೆ 4,34,302 ಮಂದಿಯೂ ರೌಡಿಗಳೇ? ಸೆಂಟ್ರಿಂಗ್ ಹುಡುಗ ಯಾರನ್ನು ಹೆದರಿಸುತ್ತಿದ್ದ, ತಾಮ್ರದ ವೈರನ್ನೇ?

ಇಂಗ್ಲೆಂಡಿನ ಕ್ರೌನ್ ಕೋರ್ಟ್ ಪ್ರಕರಣಗಳಿಗೆ 182 ದಿನಗಳ ಮಿತಿಯಿದೆ, ಜರ್ಮನಿಯಲ್ಲಿ ಆರು ತಿಂಗಳು. ಮೀರಬೇಕಾದರೆ ಅಲ್ಲಿ ನ್ಯಾಯಾಲಯಕ್ಕೆ ಕಾರಣ ಒಪ್ಪಿಗೆಯಾಗಬೇಕು. ನಾನು ಕೇಳುವುದು ಸಣ್ಣ ಕೇಸಿಗೆ ಆರು ತಿಂಗಳು, ಉಳಿದ ಎಲ್ಲದಕ್ಕೂ ಎರಡು ವರ್ಷ. ಅಷ್ಟರಲ್ಲಿ ಮುಗಿಸಲಾಗದಿದ್ದರೆ, ಶ್ಯೂರಿಟಿ ಕೇಳದೆ, ಬಿಡಿ.

ವಿರೋಧ: ಸಾಕ್ಷಿ ಹೇಳುವವನಿಗೆ ಯಾವ ತಾರೀಖು?
(ನಿವೃತ್ತ ಪೊಲೀಸ್ ಅಧಿಕಾರಿ)

ಸಂಪಾದಕರು ಫೋನ್ ಮಾಡಿ, "ವಿರೋಧ ಬರೆಯೋಕೆ ಯಾರೂ ಸಿಗ್ತಿಲ್ಲ ಸಾರ್, ನೀವೇ ಬರೀಬೇಕು" ಎಂದರು. ಪೊಲೀಸನಾದವನು ವಿರೋಧವೇ ಇರುತ್ತಾನೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆಗಲಿ.

ವಕೀಲೆಯವರ ಲೇಖನವನ್ನು ಮೊದಲೇ ಕಳಿಸಿದ್ದರು, ಓದಿದೆ. ಒಡಿಶಾದ ಹುಡುಗನ ವಿಷಯದಲ್ಲಿ ನನ್ನದೇನೂ ಜಗಳವಿಲ್ಲ. ಅಂಥವರನ್ನು ಸ್ವಂತ ಮುಚ್ಚಳಿಕೆಯ ಮೇಲೆ ಮೊದಲ ದಿನವೇ ಬಿಡಬಹುದು. ಆದರೆ ಕೇಳಿರುವ ಪ್ರಶ್ನೆ "ಆರೋಪ ಯಾವುದೇ ಇರಲಿ" ಅಂತ. ವೈರು ಕದ್ದವನನ್ನು ಮುಂದೆ ನಿಲ್ಲಿಸಿ, ಅವನ ಬೆನ್ನ ಹಿಂದೆ ಬಾಂಬ್ ಇಟ್ಟವನನ್ನೂ ಸುಪಾರಿ ಪಡೆದವನನ್ನೂ ಗೇಟು ದಾಟಿಸುವುದು ಸರಿಯಲ್ಲ. ನಜೀಬ್ ಪ್ರಕರಣ ಎಂದರಲ್ಲ, ಅದು ಯಾವುದೆಂದು ಅವರು ಬರೆಯಲಿಲ್ಲ. 2010ರಲ್ಲಿ ಕೇರಳದಲ್ಲಿ ಕಾಲೇಜು ಅಧ್ಯಾಪಕರೊಬ್ಬರ ಕೈ ಕಡಿದ ಪ್ರಕರಣ. 276 ಸಾಕ್ಷಿಗಳ ಲೆಕ್ಕ ಬಂತು, ಕೈಯ ಲೆಕ್ಕ ಬರಲಿಲ್ಲ.

ಇನ್ನೊಂದು ವಿಷಯ ಅವರಿಗೂ ಅವರ ಗೆಳೆಯರಿಗೂ ಕೇಳಬೇಕು. ಗೌರಿ ಲಂಕೇಶ್ ಹತ್ಯೆಯಾದದ್ದು 2017ರ ಸೆಪ್ಟೆಂಬರ್ 5ರಂದು. ಐನೂರಕ್ಕೂ ಹೆಚ್ಚು ಸಾಕ್ಷಿಗಳ ಪಟ್ಟಿಯಲ್ಲಿ ಸುಮಾರು 90 ಮಂದಿಯ ವಿಚಾರಣೆ ಮುಗಿದಿದ್ದಾಗ, 2023ರ ಡಿಸೆಂಬರ್‌ನಲ್ಲಿ, ವಿಳಂಬದ ಕಾರಣಕ್ಕೇ ಒಬ್ಬ ಆರೋಪಿಗೆ ಹೈಕೋರ್ಟ್ ಜಾಮೀನು ಕೊಟ್ಟಿತು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. 2024ರ ಅಕ್ಟೋಬರ್‌ನಲ್ಲಿ ಇಬ್ಬರಿಗೆ ವಿಜಯಪುರದಲ್ಲಿ ಹಾರ ಹಾಕಿ ಸ್ವಾಗತ ಮಾಡಿದರು. ಆಗ ಮಾನವ ಹಕ್ಕಿನವರು ಯಾರೂ ಸಿಹಿ ಹಂಚಲಿಲ್ಲ. ಬೇಸರಪಟ್ಟರು, ನಾನೂ ಪಟ್ಟೆ. ಕಡ್ಡಾಯ ಕಾಲಮಿತಿ ಇದ್ದಿದ್ದರೆ ಆ ಹಾರ ಇನ್ನೂ ಎಷ್ಟೋ ವರ್ಷ ಮೊದಲೇ ಬೀಳುತ್ತಿತ್ತು.

ಈಗ ನನ್ನದೊಂದು ಕೇಸು. ಜಮೀನು ವ್ಯಾಜ್ಯದಲ್ಲಿ ಕೊಲೆ, ಬಸ್ ನಿಲ್ದಾಣದ ಎದುರು, ಸಂಜೆ ಏಳರ ಹೊತ್ತು. ಕಣ್ಣಾರೆ ಕಂಡವನು ಅಲ್ಲೇ ಟೀ ಅಂಗಡಿಯವನು. ಧೈರ್ಯಸ್ಥ, ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳಿಕೆ ಕೊಟ್ಟ. ಆರೋಪಿ ಜಾಮೀನಿನ ಮೇಲೆ ಹೊರಗೆ ಬಂದ. ಬಂದವನು ಬೆದರಿಸಲಿಲ್ಲ. ದಿನಾ ಸಂಜೆ ಏಳಕ್ಕೆ ಅಂಗಡಿಗೆ ಬಂದು ಒಂದು ಟೀ ಕುಡಿಯುತ್ತಿದ್ದ. "ಚೆನ್ನಾಗಿದ್ದೀಯಾ ಅಣ್ಣಾ, ಮಗಳು ಯಾವ ಕಾಲೇಜು?" ಅಂತ ಕೇಳುತ್ತಿದ್ದ. ದುಡ್ಡು ಸರಿಯಾಗಿ ಕೊಡುತ್ತಿದ್ದ. ಇದನ್ನು ಹಿಡಿದುಕೊಂಡು ಜಾಮೀನು ರದ್ದು ಮಾಡಿ ಎಂದು ಹೋದರೆ, ಟೀ ಕುಡಿಯುವುದು ಯಾವ ಕಲಂನಲ್ಲಿ ಅಪರಾಧ ಎಂದು ಎದುರು ವಕೀಲರು ಕೇಳಿದರು, ನಮ್ಮ ಬಳಿ ಉತ್ತರವಿರಲಿಲ್ಲ. ಕಟಕಟೆಯಲ್ಲಿ ನಿಂತ ಟೀ ಅಂಗಡಿಯವನು "ಕತ್ತಲಾಗಿತ್ತು ಸ್ವಾಮಿ, ಮುಖ ಕಾಣಲಿಲ್ಲ" ಎಂದ. ಹೋಸ್ಟೈಲ್, ಅಂದರೆ ಪ್ರತಿಕೂಲ ಸಾಕ್ಷಿ. ಆರೋಪಿ ಖುಲಾಸೆ. ಸತ್ತವನ ಹೆಂಡತಿ ಕೋರ್ಟಿನ ಮೆಟ್ಟಿಲ ಮೇಲೆ ನನ್ನನ್ನು ನೋಡಿ ಏನೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿರುತ್ತಿತ್ತು.

ಸಾಕ್ಷಿ ಸಂರಕ್ಷಣಾ ಯೋಜನೆ 2018ರಲ್ಲೇ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದು ಬಂದಿದೆ. ಟೀ ಅಂಗಡಿಯವನಿಗೆ ಅದರ ಪ್ರಕಾರ ಏನು ಮಾಡಬಹುದಿತ್ತು? ಅಂಗಡಿ ಬಿಟ್ಟು ಬೇರೆ ಊರಿಗೆ ಹೋಗು ಅನ್ನಬೇಕಿತ್ತೇ? ಹಕ್ಕು ಅವನಿಗೂ ಇದೆಯಲ್ಲ.

ಒಳಗಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೇನೂ ನಾನು ಹೇಳುತ್ತಿಲ್ಲ. ನಟ ದರ್ಶನ್ ಪರಪ್ಪನ ಅಗ್ರಹಾರದಲ್ಲಿ ಕುರ್ಚಿ ಹಾಕಿಕೊಂಡು ಸಿಗರೇಟು, ಕಾಫಿ ಮಗ್ ಹಿಡಿದು ಕುಳಿತ ಫೋಟೊ 2024ರ ಆಗಸ್ಟ್‌ನಲ್ಲಿ ಇಡೀ ರಾಜ್ಯ ನೋಡಿದೆ. ಆದರೂ 2025ರ ಆಗಸ್ಟ್‌ನಲ್ಲಿ ಕೊಲೆ ಕೇಸಿನಲ್ಲಿ ಹೈಕೋರ್ಟ್ ಅವರಿಗೆ ಕೊಟ್ಟಿದ್ದ ಜಾಮೀನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕೇಸು ನೋಡಿ, ಆಸಾಮಿ ನೋಡಿ ತೀರ್ಮಾನಿಸುವ ಅಧಿಕಾರ ನ್ಯಾಯಾಧೀಶರ ಕೈಯಲ್ಲಿ ಇದ್ದದ್ದರಿಂದ ತಾನೆ ಅದು ಆದದ್ದು?

ಮತ್ತೆ ವಿಳಂಬಕ್ಕೆ ಕಾರಣ ಯಾರು? ಮುದ್ದತ್ತು ಕೇಳುವವರು ಯಾರು, ವಕಾಲತ್ತು ಬದಲಿಸುವವರು ಯಾರು, ವಿಚಾರಣೆಗೆ ಮೊದಲೇ ಕೇಸಿನಿಂದ ಕೈಬಿಡಿ ಎಂದು ಡಿಸ್ಚಾರ್ಜ್ ಅರ್ಜಿ ಹಾಕಿ ಹೈಕೋರ್ಟಿನಿಂದ ತಡೆ ತರುವವರು ಯಾರು? ಎರಡು ವರ್ಷಕ್ಕೆ ಬಾಗಿಲು ತೆರೆಯುತ್ತದೆ ಎಂದು ಗೊತ್ತಾದರೆ ಎರಡು ವರ್ಷ ಎಳೆಯಲು ಬರದ ವಕೀಲರು ನಮ್ಮ ಬಾರ್ ಅಸೋಸಿಯೇಷನ್ನುಗಳಲ್ಲಿ ಇಲ್ಲ. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು, ಇಂದಿಗೂ 21ರ ಆಸುಪಾಸಿನಲ್ಲಿದ್ದೇವೆ. ಅದನ್ನು ಸರಿಮಾಡದೆ ಗೇಟಿಗೆ ಟೈಮರ್ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಬೇಕಾದರೆ ಹೀಗೆ ಮಾಡಲಿ. ಘೋರ ಅಪರಾಧಗಳಲ್ಲಿ ಆರೋಪ ನಿಗದಿಯಾದ ಆರು ತಿಂಗಳೊಳಗೆ ಪ್ರತ್ಯಕ್ಷ ಸಾಕ್ಷಿಗಳನ್ನಷ್ಟೇ, ದಿನ ಬಿಡದೆ, ವಿಚಾರಣೆ ಮಾಡಿ ಮುಗಿಸಲಿ. ಆಮೇಲೆ ಜಾಮೀನು ಕೊಡುತ್ತಾರೋ ಕೊಡಲಿ, ನಾನು ತಕರಾರು ಮಾಡುವುದಿಲ್ಲ. ಉಳಿದ ಪಂಚರು, ಡಾಕ್ಟರು, ಎಫ್‌ಎಸ್‌ಎಲ್‌ನವರು (ವಿಧಿವಿಜ್ಞಾನ ಪ್ರಯೋಗಾಲಯದವರು) ಎಲ್ಲೂ ಓಡಿಹೋಗುವುದಿಲ್ಲ, ಅವರ ಮಗಳು ಯಾವ ಕಾಲೇಜು ಅಂತ ಯಾರೂ ಕೇಳುವುದೂ ಇಲ್ಲ.