ಪರ-ವಿರೋಧ: ಪುಟ್ಟ ಮಕ್ಕಳ ಆರ್ಟರಿಗೆ ಲೈನ್ ಹಾಕಲು ಅಲ್ಟ್ರಾಸೌಂಡ್ ಕಡ್ಡಾಯ ಆಗಬೇಕಾ?

ಪರ: ಐಸಿಯು ನರ್ಸ್, ಮಡಿಕೇರಿ

ನನ್ನ ಅಕ್ಕನ ಮಗಳಿಗೆ ಆಗ ಹತ್ತು ತಿಂಗಳು. ಜುಲೈ ಮಳೆ, ಸೋಮವಾರಪೇಟೆ ಕಡೆಯ ತೋಟದ ಮನೆ. ನ್ಯುಮೋನಿಯಾ ಜೋರಾಗಿ, ರಕ್ತಸಂಚಾರ ಕುಸಿದು ಮಗು ಶಾಕ್‌ಗೆ ಹೋಗಿತ್ತು. ಬಿಪಿ ಒಂದೇ ಸಮನೆ ನೋಡುತ್ತಿರಬೇಕು, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಗ್ಯಾಸ್ ಟೆಸ್ಟ್‌ಗೆ ಪದೇ ಪದೇ ರಕ್ತ ಬೇಕು, ಹಾಗಾಗಿ ಮಣಿಕಟ್ಟಿನ ಆರ್ಟರಿಗೆ, ಅಂದರೆ ನಾಡಿ ಮಿಡಿಯುವ ರಕ್ತನಾಳಕ್ಕೆ, ಲೈನ್ ಎನ್ನುವ ಸಣ್ಣ ಕೊಳವೆ ಹಾಕಲೇಬೇಕಿತ್ತು. ಎಡಗೈಗೆ ಮೂರು ಸಲ ಚುಚ್ಚಿದರು, ಬಲಗೈಗೆ ಮೂರು ಸಲ. ಸಿಗಲಿಲ್ಲ. ಎರಡೂ ಕೈ ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಂಡವು. ಆ ಕೈಗಳನ್ನು ಹಿಡಿದುಕೊಂಡಿದ್ದವಳು ನಾನೇ. ಬಾಗಿಲಾಚೆ ಅಕ್ಕ, ನೀನು ನರ್ಸ್ ಅಲ್ವಾ, ಏನಾದರೂ ಮಾಡೇ ಎಂದು ಅಳುತ್ತಿದ್ದಳು. ಆಮೇಲೆ ಡ್ಯೂಟಿಗೆ ಬಂದ ಇನ್ನೊಬ್ಬ ಡಾಕ್ಟರ್ ಅಲ್ಟ್ರಾಸೌಂಡ್ ಮಷಿನ್‌ನ ಪ್ರೋಬ್ ತಂದು ಪಾದದ ಗಂಟಿನ ಹಿಂದೆ ಇಟ್ಟರು. ಪರದೆ ಮೇಲೆ ಸಣ್ಣ ಕಪ್ಪು ಚುಕ್ಕಿ ಮಿಡಿಯುತ್ತಿತ್ತು. ಒಂದೇ ಸಲಕ್ಕೆ ಸಿಕ್ಕಿತು.

ಅಷ್ಟು ಸಣ್ಣ ಮಗುವಿನ ಮಣಿಕಟ್ಟಿನ ಆರ್ಟರಿ 2 ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಶಾಕ್ ಆದಾಗ ನಾಡಿ ಬೆರಳಿಗೇ ಸಿಗುವುದಿಲ್ಲ. ಒಂದು ಸಲ ತಪ್ಪಿದರೆ ಸುತ್ತ ರಕ್ತ ಕಟ್ಟುತ್ತದೆ, ಆರ್ಟರಿ ಮುದುಡಿಕೊಳ್ಳುತ್ತದೆ, ಎರಡನೇ ಸಲ ಇನ್ನೂ ಕಷ್ಟ. ಅದಕ್ಕೇ ಮೊದಲ ಸಲವೇ ಮುಖ್ಯ ಅನ್ನುವುದು. ಮಕ್ಕಳ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2016ರ ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶೆ ಹೇಳಿದ್ದೂ ಇದೇ: ಅಲ್ಟ್ರಾಸೌಂಡ್ ಇದ್ದರೆ ಮೊದಲ ಸಲಕ್ಕೇ ಸಿಗುವುದು ಜಾಸ್ತಿ, ರಕ್ತ ಕಟ್ಟುವುದು ಕಡಿಮೆ. ಸಣ್ಣ ಊರು, ಮಷಿನ್ ಎಲ್ಲಿಂದ ತರೋದು ಎನ್ನುತ್ತಾರೆ. ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ಮಷಿನ್ ಬರುತ್ತದೆ, ಸಾಯುತ್ತಿರುವ ಮಗುವಿಗೆ ಬರಲ್ವಾ? ಮೊದಲ ಸಲವೇ ಸಿಗಬೇಕು. ನನಗೆ ಬೇರೆ ವಾದ ಬೇಡ.

ವಿರೋಧ: ಅರಿವಳಿಕೆ ವೈದ್ಯ, ವಿರಾಜಪೇಟೆ

ಈ ಕಡೆಯಿಂದ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಮಷಿನ್ ಇದ್ದರೆ ನಾನೂ ಬಳಸುತ್ತೇನೆ. ನನ್ನ ತಕರಾರು 'ಕಡ್ಡಾಯ' ಎಂಬ ಪದದ ಮೇಲೆ. ಗರ್ಭಿಣಿಯರ ಹೊಟ್ಟೆ ನೋಡುವ ಪ್ರೋಬ್‌ನಲ್ಲಿ ಮಗುವಿನ ಆರ್ಟರಿ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಬೇರೆ ಸಣ್ಣ ಪ್ರೋಬ್ ಬೇಕು. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ಪ್ರತಿ ಮಷಿನ್ ನೋಂದಣಿ ಆಗಬೇಕು, ಮನಸ್ಸು ಬಂದ ಹಾಗೆ ಇನ್ನೊಂದು ಆಸ್ಪತ್ರೆಗೆ ಒಯ್ಯುವಂತಿಲ್ಲ. ಇರಲಿ.

2018ರ ಆಗಸ್ಟ್ ನೆನಪಾಗುತ್ತದೆ. ಗುಡ್ಡ ಕುಸಿದು ಸಂಪಾಜೆ ಕಡೆಯ ದಾರಿ ಮುಚ್ಚಿತ್ತು, ಮಂಗಳೂರಿಗೆ ಕಳಿಸುವ ಮಾತೇ ಇಲ್ಲ. ಕರೆಂಟ್ ಇಲ್ಲ, ಜನರೇಟರ್ ಮಾನಿಟರ್‌ಗೂ ವೆಂಟಿಲೇಟರ್‌ಗೂ ಮಾತ್ರ ಸಾಕಾಗುತ್ತಿತ್ತು. ಒಂದೂವರೆ ವರ್ಷದ ಹುಡುಗ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದೆ, ಎಲ್ಲೋ ತೆಳ್ಳಗೆ ನಾಡಿ ತಾಗಿತು. ಎರಡನೇ ಸಲಕ್ಕೆ ಲೈನ್ ಕೂತಿತು. ಹುಡುಗ ಉಳಿದ, ಈಗ ಸ್ಕೂಲಿಗೆ ಹೋಗುತ್ತಾನೆ. ಆವತ್ತು ಕಡ್ಡಾಯ ಅಂತ ಇದ್ದಿದ್ದರೆ ನಾನು ಸುಮ್ನೆ ಕೈ ಕಟ್ಟಿ ನಿಲ್ಲಬೇಕಿತ್ತಾ?

ಬೆರಳಿನ ಈ ಅಭ್ಯಾಸ ಹೊಸ ಹುಡುಗರಿಗೆ ತಪ್ಪಬಾರದು. ಇನ್ನು ಸಿಸ್ಟರ್ ಹೇಳಿದ ಆ ಆರು ಸಲ: ಎರಡನೆಯದು ತಪ್ಪಿದಾಗಲೇ ಕೈ ತೆಗೆದು ಬೇರೆಯವರನ್ನು ಕರೆಯಬೇಕಿತ್ತು.