ಸೋಸಿದ ಮೇಲೆ ಉಳಿದದ್ದು

ಮೈಸೂರಿನಲ್ಲಿ ಬೂದುಗುಂಬಳಕಾಯಿಗೆ ಹಿಂದೆ ಇದ್ದ ಕೆಲಸ ಇಷ್ಟೇ. ಆಯುಧಪೂಜೆಯಲ್ಲಿ ಗಾಡಿ ಮುಂದೆ ಒಡೆಸಿಕೊಳ್ಳುವುದು, ಮಜ್ಜಿಗೆಹುಳಿಗೆ ಬೀಳುವುದು, ಮದುವೆ ಮನೆಯಲ್ಲಿ ಕಾಶಿ ಹಲ್ವಾ ಆಗುವುದು. ಈಗ ಇನ್ನೊಂದು ಸೇರಿದೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಜ್ಯೂಸು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕ್ ಮಾಡುವವರು ಮೊದಲೆಲ್ಲ ಪಿಂಚಣಿ, ಮಗನ ವೀಸಾ ಅಂತ ಮಾತಾಡುತ್ತಿದ್ದರು. ಈಗ "ನೀವು ತಿರುಳು ಹಾಕ್ತೀರಾ, ತೆಗೀತೀರಾ?" ಎಂದು ಕೇಳಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲೂ ಈ ಗಾಳಿ ಬೀಸಿದೆ. ಜ್ಯೂಸರ್ ಎಂಬ ಯಂತ್ರ ಇಲ್ಲ. ಅದನ್ನು ತೊಳೆಯುವ ಕಷ್ಟ ನೋಡಿದವರು ಯಾರೂ ಕೊಳ್ಳುವುದಿಲ್ಲ, ಕೊಂಡವರು ಅಟ್ಟದ ಮೇಲೆ ಇಟ್ಟಿರುತ್ತಾರೆ. ಮಿಕ್ಸಿಯೇ ಸಾಕು. ಕ್ಯಾರೆಟ್ಟನ್ನು ಸಣ್ಣಗೆ ಹೆಚ್ಚಿ, ಒಂದು ಚೂರು ಶುಂಠಿ ಸೇರಿಸಿ, ಬ್ಲೇಡು ತಿರುಗುವಷ್ಟು ಮಾತ್ರ ನೀರು ಹಾಕಿ ಗರ್ರ್ ಅನ್ನಿಸಬೇಕು. ಆಮೇಲೆ ಹಳೇ ಪಂಚೆಯ ತುಂಡಿನಲ್ಲಿ ಸೋಸುವುದು. ಕಾಫಿ ಸೋಸುವ ಜಾಲರಿ ಇದಕ್ಕೆ ಆಗಿಬರುವುದಿಲ್ಲ, ಅರ್ಧ ಲೋಟಕ್ಕೇ ಕಟ್ಟಿಕೊಂಡು ಕೂರುತ್ತದೆ. ಬಟ್ಟೆಯ ನಾಲ್ಕು ತುದಿ ಸೇರಿಸಿ ತಿರುಚುತ್ತಾ ಹೋದರೆ ಮೊದಲು ನೊರೆ ನೊರೆಯಾಗಿ ಧಾರೆ ಇಳಿಯುತ್ತದೆ. ಆಮೇಲೆ ತೊಟ್ಟು ತೊಟ್ಟು. ಆ ಕೊನೆಯ ತೊಟ್ಟುಗಳೇ ಗಟ್ಟಿ, ಅವೇ ಸಿಹಿ. ಬೆರಳ ಸಂದಿಯೆಲ್ಲ ಕಿತ್ತಳೆ ಬಣ್ಣ. ಕುಡಿಯುವುದಕ್ಕಿಂತ ಹಿಂಡುವುದರಲ್ಲೇ ನನಗೆ ಖುಷಿ ಜಾಸ್ತಿ.

ಮಂಡ್ಯದ ನನ್ನ ಭಾಮೈದನಿಗೆ ಇದ್ಯಾವುದೂ ಹಿಡಿಸುವುದಿಲ್ಲ. ಅವನ ಊರಲ್ಲಿ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಅಲ್ಲಿಯವರಿಗೆ ಜ್ಯೂಸ್ ಅಂದರೆ ಕಬ್ಬಿನ ಹಾಲು, ಅದಕ್ಕೊಂದು ಚೂರು ಶುಂಠಿ, ಅರ್ಧ ನಿಂಬೆಹಣ್ಣು. ಸೌತೆಕಾಯಿ, ಪುದೀನ, ಪಾಲಕ್ ಹಾಕಿ ಅರೆದ ಲೋಟವನ್ನು ಕೈಗೆ ಕೊಟ್ಟರೆ ಒಂದು ಸಲ ಮೂಸಿ ನೋಡಿದ. "ಏನ್ ಭಾವ, ಕಲಗಚ್ಚು ಇದ್ದಂಗದಲ್ಲ ಇದು?" ಅಂದ. ಉಪ್ಪು ಹಾಕಿಕೊಟ್ಟೆ. ಕಾಳುಮೆಣಸು ಹಾಕಿಕೊಟ್ಟೆ. ಬೆಲ್ಲ ಹಾಕಿದ ಮೇಲೆ ಕುಡಿದ. ಅಷ್ಟು ಹೊತ್ತಿಗೆ ಅದು ರಾಮನವಮಿ ಪಾನಕದ ತಂಗಿಯಾಗಿತ್ತು.

ಆರೋಗ್ಯದ ಜ್ಯೂಸುಗಳ ಪಾಡೆಲ್ಲ ಹೀಗೇ ಅಲ್ವಾ? ರುಚಿಗೆ ಅಂತ ಒಂದೊಂದೇ ಮೆಟ್ಟಿಲು ಇಳಿದು ಸಕ್ಕರೆ ಡಬ್ಬಿಯ ಹತ್ತಿರ ಬಂದು ನಿಲ್ಲುತ್ತವೆ. ಸಕ್ಕರೆ ಹಾಕದಿದ್ದರೂ ಪೂರ್ತಿ ಪಾರಾದ ಹಾಗಲ್ಲ. ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ಸುಲಿದು, ನಾರು ಬಿಡಿಸಿ, ಬೀಜ ಉಗಿದು ಅಷ್ಟನ್ನೂ ತಿನ್ನುವುದು ಕಷ್ಟ. ರಸವಾದರೆ ಗಟಗಟನೆ ಇಳಿದುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನು ನಾವು ಚಮಚದಲ್ಲಿ ಹಾಕಿಕೊಳ್ಳುವ ಸಕ್ಕರೆಯ ಜೊತೆಗೇ ಲೆಕ್ಕ ಹಿಡಿಯುತ್ತದೆ. ಇಡೀ ಹಣ್ಣು ತಿಂದರೆ ಆ ಲೆಕ್ಕಕ್ಕೆ ಬರುವುದಿಲ್ಲ. ಸಕ್ಕರೆ ಕಾಯಿಲೆಯವರು ಕಿತ್ತಳೆಯನ್ನು ಸುಲಿದು ತಿನ್ನುವುದೇ ವಾಸಿ. ಕೋಸಂಬರಿ ಮಾಡಿದವರಿಗೆ ಈ ತಲೆನೋವೇ ಇರಲಿಲ್ಲ. ಅದೇ ಕ್ಯಾರೆಟ್ಟು, ಅದೇ ಸೌತೆಕಾಯಿ. ಆದರೆ ಹಲ್ಲಿಗೆ ಕೆಲಸ ಇತ್ತು.

ತರಕಾರಿಗಳಲ್ಲಿ ಸೋರೆಕಾಯಿಯ ವಿಷಯಕ್ಕೆ ಮಾತ್ರ ನಾನು ಸ್ವಲ್ಪ ಹೆದರುವವನು. ನೋಡಲು ಸಾಧು. ಆದರೆ ಒಂದೊಂದು ಕಾಯಿ ಕಹಿ ಇರುತ್ತದೆ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ವಾಂತಿ, ಭೇದಿ, ರಕ್ತ ವಾಂತಿ ತನಕ ಹೋಗಬಹುದು, ಜೀವ ಹೋದದ್ದೂ ಉಂಟು. ಕಹಿಯಿದ್ದರೆ ಕುಡಿಯಲೇಬೇಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಹೇಳಿದ್ದಾರೆ. ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿದರಾಯಿತು. ತೊಂದರೆ ಏನೆಂದರೆ, ಕಹಿ ಇದ್ದಷ್ಟೂ ಒಳ್ಳೆಯದು ಅಂತ ನಂಬಿಕೊಂಡು ಮೂಗು ಹಿಡಿದು ಕುಡಿಯುವ ಜನ ನಾವು. ಹಾಗಲಕಾಯಿಗೆ ಕಹಿ ಹುಟ್ಟುಗುಣ. ಸೋರೆಕಾಯಿಗೆ ಅಲ್ಲ.

ಬೀಟ್‌ರೂಟಿನದು ಇನ್ನೊಂದು ತಮಾಷೆ. ಅದರ ಬಣ್ಣ ಕೆಲವರಿಗೆ ಮೂತ್ರದಲ್ಲೂ ಕಾಣುತ್ತದೆ. ಹೊಸದಾಗಿ ಕುಡಿಯುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಬೆಳಗ್ಗೆ ಬೆಳಗ್ಗೆ ಡಾಕ್ಟರಿಗೆ ಫೋನು. ಕಿಡ್ನಿಯಲ್ಲಿ ಕಲ್ಲಾಗುವವರು ಬೀಟ್‌ರೂಟು, ಪಾಲಕ್ ಎರಡಕ್ಕೂ ಮುಂಚೆ ಡಾಕ್ಟರನ್ನು ಕೇಳಬೇಕು. ಎರಡರಲ್ಲೂ ಕಲ್ಲು ಕಟ್ಟಿಸುವ ಆಕ್ಸಲೇಟ್ ಜಾಸ್ತಿ.

ಇಷ್ಟೆಲ್ಲ ಆದ ಮೇಲೆ ಬಟ್ಟೆಯಲ್ಲಿ ಉಳಿಯುತ್ತದಲ್ಲ, ಗಷ್ಟು, ನನ್ನ ಮನಸ್ಸೆಲ್ಲ ಅದರ ಮೇಲೆ. ನಾರೆಲ್ಲ ಅದರಲ್ಲೇ ಇದೆ. ಕ್ಯಾರೆಟ್ಟಿನ ಕ್ಯಾರೋಟಿನ್, ಅಂದರೆ ಮೈಯಲ್ಲಿ ಎ ವಿಟಮಿನ್ ಆಗುವ ಆ ಕಿತ್ತಳೆ ಬಣ್ಣ ಕೂಡ ಅಷ್ಟಿಷ್ಟು ಅಲ್ಲೇ ಉಳಿದಿರುತ್ತದೆ, ಅದು ಮೈಗೆ ಹತ್ತಬೇಕಾದರೆ ಜೊತೆಗೆ ಎಣ್ಣೆಯೋ ತುಪ್ಪವೋ ಬೇಕು. ಆರೋಗ್ಯ ಅಂತ ಲೋಟದಲ್ಲಿ ನೀರು ಕುಡಿದು ಇದನ್ನು ಕಸದ ಬುಟ್ಟಿಗೆ ಹಾಕುವುದು ಯಾವ ನ್ಯಾಯ? ನಮ್ಮಲ್ಲಿ ಅದಕ್ಕೆ ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು, ಜೀರಿಗೆ ಬೀಳುತ್ತದೆ. ಗಷ್ಟಿನಲ್ಲೇ ತೇವ ಇರುವುದರಿಂದ ನೀರು ಕಮ್ಮಿ ಸಾಕು. ಬಾಂಡ್ಲಿಗೆ ತೆಳ್ಳಗೆ ತಟ್ಟಿ, ನಡುವೆ ತೂತು ಮಾಡಿ ಎಣ್ಣೆ ಬಿಟ್ಟರೆ ಅಂಚು ಗರಿಗರಿಯಾಗಿ ಏಳುತ್ತದೆ. ಮೇಲೊಂದು ಮುದ್ದೆ ಬೆಣ್ಣೆ. ಭಾಮೈದ ಇದಕ್ಕೆ ತಕರಾರು ಎತ್ತಲಿಲ್ಲ, ಇನ್ನೊಂದು ಹಾಕಿಸಿಕೊಂಡ.

ಬೀಟ್‌ರೂಟ್ ಗಷ್ಟಿನ ರೊಟ್ಟಿ ಮಕ್ಕಳಿಗೆ ಇಷ್ಟ. ಬೂದುಗುಂಬಳದ್ದು ದೋಸೆ ಹಿಟ್ಟಿಗೆ ಹೋಗುತ್ತದೆ. ಹಾಗಲಕಾಯಿಯದಕ್ಕೆ ಮಾತ್ರ ಅಡುಗೆಮನೆಯಲ್ಲಿ ಯಾರೂ ಜಾಗ ಕೊಟ್ಟಿಲ್ಲ, ಅದು ಸೀದಾ ಕರಿಬೇವಿನ ಗಿಡದ ಬುಡಕ್ಕೆ.