ಸೀಟು ಸಿಗದವರ ಲೆಕ್ಕ ಯಾರ ಹತ್ತಿರ ಇದೆ?

ಇವತ್ತು ಒಂದು ಕೌಶಲ ತರಬೇತಿ ಕೇಂದ್ರದ ಸರ್ಟಿಫಿಕೇಟ್ ವಿತರಣೆಗೆ ಹೋಗಿದ್ದೆ. (ಹೆಸರು ಹೇಳಲ್ಲ, ಕೇಳಬೇಡಿ.) ಪರದೆ ಮೇಲೆ ದಪ್ಪಕ್ಷರದಲ್ಲಿ ಪ್ಲೇಸ್‌ಮೆಂಟ್ ಪರ್ಸೆಂಟೇಜು, ಚಪ್ಪಾಳೆಯೋ ಚಪ್ಪಾಳೆ. ನಾನು ಕೇಳಿದ್ದಿಷ್ಟೇ: ಅರ್ಜಿ ಹಾಕಿ ಸೀಟು ಸಿಗದೆ ಹೋದ ಹುಡುಗರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ತು? ಮೈಕು ತಕ್ಷಣ ಬೇರೆಯವರ ಕೈಗೆ ಹೋಯ್ತು.

ಸರ್ವೆ ಮಾಡಿಯೇ ಹೊಟ್ಟೆ ಹೊರೆದವಳು ನಾನು, ಸುಮ್ಮನಿರೋಕಾಗಲ್ಲ. ಓದೂ ಇಲ್ಲದ, ಕೆಲಸವೂ ಇಲ್ಲದ ಹುಡುಗ ಅರಳಿಕಟ್ಟೆ ಮೇಲೇ ಕೂತಿರ್ತಾನೆ ಅಂತ ಇವರ ನಂಬಿಕೆ. ಕೂತಿರಲ್ಲ ಸ್ವಾಮಿ! ಬಡ ಯುವಕರಿಗೆ ಕೆಲಸದ ತರಬೇತಿ ಕೊಡುವ ಅಮೆರಿಕದ ಜಾಬ್ ಕೋರ್ ಯೋಜನೆಯಲ್ಲಿ 1994ರ ಕೊನೆಯಿಂದ 1996ರ ಶುರುವಿನವರೆಗೆ ಅರ್ಹರಾದ ಸುಮಾರು 81,000 ಅರ್ಜಿದಾರರಲ್ಲಿ 6,000ದಷ್ಟು ಜನರನ್ನು ಲಾಟರಿ ಎತ್ತಿ, ಸೇರಿದವರ ಜೊತೆ ಹೋಲಿಸಿ ನೋಡೋಕೆ ಅಂತ, ಮೂರು ವರ್ಷ ಹೊರಗಿಟ್ಟರು. ಆಮೇಲೆ ವಿಚಾರಿಸಿದರೆ, ಅವರಲ್ಲೂ 70 ಪರ್ಸೆಂಟಿಗಿಂತ ಹೆಚ್ಚು ಜನ ಬೇರೆಲ್ಲೋ ಏನೋ ಕಲಿತಿದ್ದರು. ಸೇರಿದವರ ಗಳಿಕೆ ಮೊದಲ ನಾಲ್ಕು ವರ್ಷದೊಳಗೆ ಏರಿತ್ತು, ನಿಜ. ತೆರಿಗೆ ದಾಖಲೆ ಹಿಡಿದು ಇನ್ನೂ ಮುಂದಕ್ಕೆ ನೋಡಿದರೆ, ವಯಸ್ಸು 20 ತುಂಬಿದ ಮೇಲೆ ಸೇರಿದವರಲ್ಲಿ ಮಾತ್ರ ಆ ಲಾಭ ಉಳಿದಿತ್ತು. ನಮ್ಮಲ್ಲಿ ಮೂರು ತಿಂಗಳ ಸಂಬಳದ ಚೀಟಿ ತೋರಿಸಿದರೆ ಪ್ಲೇಸ್‌ಮೆಂಟ್ ಆಯ್ತು!

ನಮ್ಮಲ್ಲೂ ಲಾಟರಿ ಎತ್ತಿ ಸೀಟು ಕೊಡಿ, ಆಗ ಒಳಗೆ ಹೋದವರನ್ನೂ ಹೊರಗುಳಿದವರನ್ನೂ ಹೋಲಿಸಿ ತರಬೇತಿಯಿಂದ ಏನಾಯ್ತು ಅಂತ ನೋಡಬಹುದು ಅಂದೆ. "ಬಡ ಮಕ್ಕಳ ಬದುಕಿನ ಜೊತೆ ಲಾಟರಿ ಆಡ್ತೀರಾ ಮೇಡಂ?" ಅಂತ ಪಕ್ಕದಲ್ಲಿದ್ದ ಮಹನೀಯರು ನೊಂದುಕೊಂಡರು. ಸೀಟು ಕಡಿಮೆ, ಅರ್ಜಿ ಜಾಸ್ತಿ ಇದ್ದಾಗ ಈಗೇನು ಮಾಡ್ತಿದ್ದೀರಿ? ಶಿಫಾರಸು ತಂದವರು, ಇಂಟರ್‌ವ್ಯೂನಲ್ಲಿ ಪಟಪಟ ಮಾತಾಡಿದವರು ಒಳಗೆ. ಹಣ್ಣಾಗಿದ್ದ ಮಾವನ್ನೇ ಆರಿಸಿ ಹುಲ್ಲಲ್ಲಿಟ್ಟು, ಹುಲ್ಲೇ ಹಣ್ಣು ಮಾಡ್ತು ಅಂದ ಹಾಗೆ. ಆರ್‌ಟಿಇ ಸೀಟಿಗೆ ಲಾಟರಿ ಒಪ್ಪಿಕೊಂಡವರಿಗೆ ಇಲ್ಲಿ ಮಾತ್ರ ಕರುಳು ಚುರುಕ್ ಅನ್ನುತ್ತಂತೆ.

ಅಷ್ಟಕ್ಕೂ ಬರೀ ಹುಡುಗರ ಹೆಸರಿಗೆ ಲಾಟರಿ ಎತ್ತಿದರೂ ಸಾಲದು. ಫ್ರಾನ್ಸಿನಲ್ಲಿ ಓದಿ ಕೆಲಸವಿಲ್ಲದ ಯುವಕರಿಗೆ ಕೆಲಸ ಹುಡುಕಿಕೊಡುವ ಕಾರ್ಯಕ್ರಮವನ್ನು 2007ರಲ್ಲಿ ಪರೀಕ್ಷಿಸಿದಾಗ, ಮೊದಲು 235 ಊರುಗಳಿಗೇ ಲಾಟರಿ: ಯಾವ ಊರಲ್ಲಿ ಯಾರಿಗೂ ಇಲ್ಲ, ಎಲ್ಲಿ ಕಾಲು ಭಾಗಕ್ಕೆ, ಎಲ್ಲಿ ಅರ್ಧ, ಎಲ್ಲಿ ಮುಕ್ಕಾಲು, ಎಲ್ಲಿ ಎಲ್ಲರಿಗೂ. ಆಮೇಲೆ ಊರೊಳಗೆ ಇನ್ನೊಂದು ಲಾಟರಿ. ಆಗ ಗೊತ್ತಾಯ್ತು, ನೆರವು ಪಡೆದವರಿಗೆ ಸಿಕ್ಕ ಕೆಲಸದಲ್ಲಿ ಒಂದಷ್ಟು, ಅದೇ ಊರಿನ ನೆರವಿಲ್ಲದವರ ಕೈತಪ್ಪಿದ್ದು. ಒಂದು ವರ್ಷ ತುಂಬುವಷ್ಟರಲ್ಲಿ ಆ ಲಾಭವೂ ಕರಗಿತ್ತು. ನಮ್ಮ ಪರ್ಸೆಂಟೇಜಿನೊಳಗೆ ಪಕ್ಕದ ಬೀದಿಯವನ ಕೆಲಸ ಎಷ್ಟು ಸೇರಿದೆಯೋ, ಯಾವ ಸ್ಲೈಡಲ್ಲಿ ಹುಡುಕಲಿ?

ಇಲಾಖೆಯಲ್ಲಿರೋ ಗೆಳೆಯರೇ, ವಾಪಸ್ ಕಳಿಸಿದವರ ಪಟ್ಟಿಯನ್ನಾದರೂ ಹರಿದು ಹಾಕಬೇಡಿ. ನಾನೇ ಫೋನ್ ಮಾಡಿ ವಿಚಾರಿಸ್ತೀನಿ, ಪುಕ್ಕಟೆ. "ಬರೀ ಟೀಕೆ ಮಾಡ್ತೀಯ" ಅನ್ನೋರು ಕಮೆಂಟಿಗೆ ಬರಬೇಡಿ, ಅದನ್ನ ಮನೇಲಿ ದಿನಾ ಕೇಳ್ತೀನಿ.